ಡ್ರಮ್ ಸೆಟ್ ಕೊಳ್ಳುವ ಮೊದಲು ಬಾಯಲ್ಲಿ ಲೆಕ್ಕ ಹೇಳಿ

ಪ್ರಶ್ನೆ: ಸರ್, ನಮಸ್ಕಾರ. ನನಗೆ 38 ವರ್ಷ, ಶಿವಮೊಗ್ಗದಲ್ಲಿ ಬ್ಯಾಂಕ್ ಕೆಲಸ. ಚಿಕ್ಕಂದಿನಿಂದ ಡ್ರಮ್ಸ್ ಕಲಿಯುವ ಆಸೆ. ಆಗ ಮನೆಯಲ್ಲಿ ‘ಹೆಣ್ಣುಮಕ್ಕಳಿಗೆ ಅದ್ಯಾಕೆ’ ಅಂದರು, ವೀಣೆ ಪಾಠಕ್ಕೆ ಸೇರಿಸಿದರು. ಎರಡು ವರ್ಷ ಕಲಿತು ಬಿಟ್ಟೆ. ಈಗ ಶುರು ಮಾಡಬೇಕು ಅಂತ ಗಟ್ಟಿ ಮನಸ್ಸು ಮಾಡಿದ್ದೇನೆ. ಆದರೆ ನಮ್ಮದು ಬಾಡಿಗೆ ಮನೆ, ಎರಡನೇ ಮಹಡಿ, ಕೆಳಗೆ ಓನರ್ ಇದ್ದಾರೆ. ತಮ್ಮ ‘ಆಕ್ಟೋಪ್ಯಾಡ್ ತಗೋ, ಸಾಕು’ ಅಂತಾನೆ, ಅದೇ ಆ ಎಲೆಕ್ಟ್ರಾನಿಕ್ ರಿದಂ ಪ್ಯಾಡ್. ದಿನಕ್ಕೆ ಅರ್ಧ ಗಂಟೆ ಸಿಗುತ್ತದೆ. ಏನು ಕೊಳ್ಳಲಿ, ಹೇಗೆ ಶುರು ಮಾಡಲಿ, ಒಂದು ಹಾಡಿಗೆ ನುಡಿಸುವಷ್ಟಾಗಲು ಎಷ್ಟು ಕಾಲ ಬೇಕು? ನಾನು ಎಡಗೈಯವಳು. ಅದರಿಂದ ತೊಂದರೆ ಆಗುತ್ತಾ?

ಉತ್ತರ: ನಮಸ್ಕಾರ. ಮೊದಲು ವಯಸ್ಸಿನ ಮಾತು ಮುಗಿಸಿಬಿಡೋಣ. 38 ತಡವೇನಲ್ಲ. ಎರಡು ಕೈ, ಎರಡು ಕಾಲಿಗೆ ಬೇರೆ ಬೇರೆ ಕೆಲಸ ಹಚ್ಚುವುದು ಯಾರಿಗೂ ಹುಟ್ಟಿನಿಂದ ಬರುವುದಿಲ್ಲ, ಎಲ್ಲರೂ ಕಲಿಯಲೇಬೇಕು. ಮಕ್ಕಳಿಗೆ ಸಮಯ ಜಾಸ್ತಿ ಇರುತ್ತದೆ, ದೊಡ್ಡವರಿಗೆ ತಾಳ್ಮೆ ಜಾಸ್ತಿ. ಡ್ರಮ್ಸ್‌ನಲ್ಲಿ ಶುರುವಿನ ಆರು ತಿಂಗಳು ತಾಳ್ಮೆಯದೇ ಆಟ. ಹೆಣ್ಣುಮಕ್ಕಳ ಮಾತಿಗೆ ಉದ್ದ ಉತ್ತರ ಬೇಕಿಲ್ಲ. ಬೆಂಗಳೂರಿನ ಸುಕನ್ಯಾ ರಾಮಗೋಪಾಲ್ ಅವರು ಕಛೇರಿ ವೇದಿಕೆಯಲ್ಲಿ ಘಟ ನುಡಿಸತೊಡಗಿ ದಶಕಗಳೇ ಕಳೆದಿವೆ. ಮಣ್ಣಿನ ಗಡಿಗೆಯಿಂದ ಬರಿ ಬೆರಳಲ್ಲಿ ನಾದ ತೆಗೆಯಲು ಬೇಕಾದ ಶಕ್ತಿಯ ಮುಂದೆ ಡ್ರಮ್ಸ್‌ಗೆ ಬೇಕಾದ ಶಕ್ತಿ ತೀರ ಕಡಿಮೆ.

ನಿಮ್ಮ ಪತ್ರದಲ್ಲಿ ನೀವೇ ಗಮನ ಕೊಡದೆ ದಾಟಿಹೋದ ಒಂದು ಮಾತಿದೆ. ಎರಡು ವರ್ಷ ವೀಣೆ ಕಲಿತಿದ್ದೀರಿ. ಅಂದರೆ ಸರಳೆ ವರಸೆಯನ್ನು ಮೂರು ಕಾಲದಲ್ಲಿ ನುಡಿಸಿದ್ದೀರಿ, ಅಲ್ವಾ? ಹಾಗಾದರೆ ಡ್ರಮ್ಸ್‌ನ ಕಷ್ಟದ ಪಾಠಗಳಲ್ಲಿ ಒಂದು ನಿಮ್ಮೊಳಗೆ ಆಗಲೇ ಇದೆ. ಹೊಸಬರು ಹೆಚ್ಚಾಗಿ ಎಡವುವುದು ಕೈಯಲ್ಲಿ ಅಲ್ಲ, ಲೆಕ್ಕದಲ್ಲಿ. ತಾಳ ಅಲ್ಲಾಡದೆ ನಿಂತಿರಬೇಕು. ಅದರ ಮೇಲೆ ಹೊಡೆತ ಮಾತ್ರ ಎರಡು ಪಟ್ಟು, ನಾಲ್ಕು ಪಟ್ಟು ಆಗಬೇಕು. ಇದನ್ನು ಪಾಶ್ಚಾತ್ಯ ಪದ್ಧತಿಯಲ್ಲಿ ಕ್ವಾರ್ಟರ್ ನೋಟ್, ಏಯ್ತ್ ನೋಟ್, ಸಿಕ್ಸ್‌ಟೀನ್ತ್ ನೋಟ್ ಅಂತ ಕಲಿಸುತ್ತಾರೆ. ನಿಮಗೆ ಅದು ಒಂದನೇ ಕಾಲ, ಎರಡನೇ ಕಾಲ, ಮೂರನೇ ಕಾಲ. ಹೊಸದೇನೂ ಇಲ್ಲ.

ಇವತ್ತು ರಾತ್ರಿಯೇ ಒಂದು ಕೆಲಸ ಮಾಡಿ. ದುಡ್ಡು ಖರ್ಚಿಲ್ಲ. ಫೋನಿನಲ್ಲಿ ಯಾವುದಾದರೂ ಉಚಿತ ಮೆಟ್ರೊನೋಮ್ ಆ್ಯಪ್ ಹಾಕಿಕೊಳ್ಳಿ. ವೇಗ 60 ಇಡಿ, ಅಂದರೆ ನಿಮಿಷಕ್ಕೆ 60 ಸದ್ದು, ಸೆಕೆಂಡಿಗೆ ಒಂದು. ಕೈಯಲ್ಲಿ ಎಂಟು ಎಣಿಕೆಯ ಆದಿ ತಾಳ ಹಾಕಿ. ಬಾಯಲ್ಲಿ ಒಂದೊಂದು ಸದ್ದಿಗೆ ಒಂದೊಂದು ‘ತಾ’ ಹೇಳಿ. ಎರಡು ಆವರ್ತ, ಅಂದರೆ ತಾಳದ ಎರಡು ಸುತ್ತು, ಆದ ಮೇಲೆ ಒಂದು ಸದ್ದಿಗೆ ‘ತಕ’. ಮತ್ತೆರಡು ಆವರ್ತ ಆದ ಮೇಲೆ ‘ತಕಧಿಮಿ’. ಆಮೇಲೆ ತಿರುಗಿ ‘ತಕ’, ಮತ್ತೆ ‘ತಾ’. ಏರುವುದು ಸುಲಭ. ಇಳಿಯುವಾಗ ಗಮನಿಸಿ, ‘ತಕಧಿಮಿ’ಯ ರಭಸದಲ್ಲಿ ಬಂದವರು ‘ತಕ’ಕ್ಕೆ ಇಳಿದಾಗ ಮೆಟ್ರೊನೋಮಿಗಿಂತ ಮುಂದೆ ಓಡಿಬಿಡುತ್ತಾರೆ. ಈ ಓಟವನ್ನು ನಿಲ್ಲಿಸುವುದೇ ಡ್ರಮ್ಸ್ ಕಲಿಕೆ. ಕೈಚಳಕ, ವೇಗ ಎಲ್ಲ ಇದರ ಮೇಲೆ ಕೂರುವಂಥವು.

ಬಾಯಲ್ಲಿ ಹೇಳಲು ಬಾರದ್ದು ಕೈಗೆ ಬರುವುದಿಲ್ಲ. ಮೃದಂಗದ ಗುರುಗಳು, ತಬಲಾದ ಉಸ್ತಾದರು ಇದನ್ನು ಯಾವತ್ತಿನಿಂದಲೋ ಹೇಳಿಕೊಂಡು ಬಂದಿದ್ದಾರೆ. ನಾನು ಡ್ರಮ್ಸ್ ಕಲಿಸುವುದೂ ಈ ನಂಬಿಕೆಯ ಮೇಲೆಯೇ. ಇವತ್ತು ಅಮೆರಿಕ, ಯುರೋಪಿನ ಡ್ರಮ್ಮರ್‌ಗಳು ಕೊನ್ನಕ್ಕೋಲು, ಅಂದರೆ ತಾಳದ ಸೊಲ್ಲುಗಳನ್ನು ಬಾಯಲ್ಲಿ ಹೇಳುವ ನಮ್ಮ ವಿದ್ಯೆ, ಕಲಿಯಲು ಹಂಬಲಿಸುತ್ತಾರೆ. 1964ರಲ್ಲಿ ಟಿ.ಎ.ಎಸ್. ಮಣಿ ಅವರು ಬೆಂಗಳೂರಿನಲ್ಲಿ ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್‌ನ ಕಲಾವಿದರು ವಿದೇಶಿ ಜಾಝ್ ಸಂಗೀತಗಾರರ ಜೊತೆ ಕೂತು ನುಡಿಸಿದ್ದಾರೆ. ಅಷ್ಟು ದೂರದವರು ಹುಡುಕಿಕೊಂಡು ಬರುವ ವಿದ್ಯೆ ನಮ್ಮ ಪಕ್ಕದ ಬೀದಿಯ ಮೃದಂಗದ ಮನೆಯಲ್ಲಿದೆ. ಡ್ರಮ್ಸ್ ಕಲಿಯಲು ಹೊರಟ ನಮ್ಮ ಹುಡುಗರು ಅದನ್ನು ಮನೆಯಲ್ಲೇ ಬಿಟ್ಟು ಬರೀ ಇಂಗ್ಲಿಷಿನಲ್ಲಿ ‘ಒನ್ ಇ ಆ್ಯಂಡ್ ಅ’ ಅಂತ ತಡವರಿಸುವುದನ್ನು ಕಂಡಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ. ಆ ಎಣಿಕೆಯನ್ನೂ ಕಲಿಯಿರಿ, ಬೇರೆಯವರ ಜೊತೆ ನುಡಿಸುವಾಗ ಬೇಕಾಗುತ್ತದೆ. ಆದರೆ ಅಭ್ಯಾಸಕ್ಕೆ ನಿಮ್ಮ ನಾಲಿಗೆಗೆ ಒಗ್ಗಿದ್ದನ್ನೇ ಹಿಡಿಯಿರಿ.

ಈಗ ಕೊಳ್ಳುವ ವಿಷಯ. ಸದ್ಯಕ್ಕೆ ಡ್ರಮ್ ಸೆಟ್ ಬೇಡ. ಆಕ್ಟೋಪ್ಯಾಡೂ ಬೇಡ. ಬೇಕಾದದ್ದು ಎರಡೇ: ಒಂದು ಜೊತೆ ಸ್ಟಿಕ್, ಒಂದು ಪ್ರಾಕ್ಟೀಸ್ ಪ್ಯಾಡ್.

ಸ್ಟಿಕ್‌ನ ಮೇಲೆ 5ಎ, 5ಬಿ, 7ಎ ಅಂತ ಅಳತೆ ಬರೆದಿರುತ್ತದೆ. 5ಎ ಕೊಳ್ಳಿ. ಸುಮಾರು 16 ಇಂಚು ಉದ್ದ, 14 ಮಿಲಿಮೀಟರಿನಷ್ಟು ದಪ್ಪ. 7ಎ ಇನ್ನೂ ತೆಳು. ‘ಹೆಣ್ಣುಮಕ್ಕಳಿಗೆ ತೆಳುವಾದದ್ದು ಕೊಡಿ’ ಅಂತ ಅಂಗಡಿಯವರು ಅದನ್ನೇ ಕೈಗಿಟ್ಟರೆ ಬೇಡ ಅನ್ನಿ. ತೆಳು ಸ್ಟಿಕ್ ಹಿಡಿದವರು ಅದನ್ನು ಬಿಗಿಯಾಗಿ ಅದುಮಿ ಹಿಡಿಯುವುದು ಜಾಸ್ತಿ. ಮರ ಹಿಕರಿ ಆಗಿದ್ದರೆ ಒಳ್ಳೆಯದು. ಕೊಳ್ಳುವಾಗ ಎರಡನ್ನೂ ಅಂಗಡಿಯ ಗಾಜಿನ ಮೇಜಿನ ಮೇಲೆ ಉರುಳಿಸಿ ನೋಡಿ. ಸೊಟ್ಟಗಿದ್ದರೆ ಕುಪ್ಪಳಿಸುತ್ತಾ ಉರುಳುತ್ತದೆ. ಸುಮಾರು 500ರಿಂದ 1,000 ರೂಪಾಯಿಗೆ ಚೆನ್ನಾಗಿರುವ ಜೊತೆ ಸಿಗುತ್ತದೆ. ಪ್ಯಾಡ್ ಸಾವಿರದಿಂದ ಮೂರು ಸಾವಿರದ ಒಳಗೆ ಬರುತ್ತದೆ. ರಬ್ಬರ್ ಮೇಲ್ಮೈ ಇರಲಿ, ಅಗಲ 12 ಇಂಚಾದರೂ ಇರಲಿ. ತೊಡೆಯ ಮೇಲೆ ಇಟ್ಟುಕೊಂಡು ನುಡಿಸಬೇಡಿ, ಬೆನ್ನು ಬಾಗುತ್ತದೆ. ಸೊಂಟದ ಎತ್ತರಕ್ಕೆ ಬರುವ ಸ್ಟೂಲಿನ ಮೇಲೋ ಸ್ನೇರ್ ಅನ್ನುವ ಚಿಕ್ಕ ಡ್ರಮ್ಮಿನ ಸ್ಟ್ಯಾಂಡ್ ಮೇಲೋ ಇಡಿ. ದಿಂಬಿನ ಮೇಲೆ ಅಭ್ಯಾಸ ಮಾಡಿ ಅಂತ ಕೆಲವರು ಹೇಳುತ್ತಾರೆ. ಅದು ಕೈ ಪಳಗಿದವರಿಗೆ. ದಿಂಬಿನ ಮೇಲೆ ಸ್ಟಿಕ್ ಪುಟಿಯುವುದಿಲ್ಲ, ಆ ಪುಟಿತವನ್ನೇ ಅಲ್ಲವೇ ನೀವು ಮೊದಲು ಕಲಿಯಬೇಕಾದದ್ದು.

ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸ್ಟಿಕ್‌ನ ಹಿಂದಿನ ತುದಿಯಿಂದ ಸುಮಾರು ಮೂರನೇ ಒಂದು ಭಾಗ ಮುಂದಕ್ಕೆ ಬಂದು, ಹೆಬ್ಬೆರಳಿನ ತಿರುಳು ಮತ್ತು ತೋರುಬೆರಳಿನ ಗೆಣ್ಣಿನ ನಡುವೆ ಹಿಡಿಯಿರಿ. ಉಳಿದ ಮೂರು ಬೆರಳು ಸುಮ್ನೆ ಸುತ್ತಿಕೊಂಡಿರಲಿ, ಅದುಮಬೇಡಿ. ಹಿಂಗೈ ಮೇಲ್ಮುಖವಾಗಿರಲಿ. ಈಗ ಸ್ಟಿಕ್ ಎತ್ತಿ ಪ್ಯಾಡಿನ ಮೇಲೆ ಬೀಳಿಸಿ. ‘ಹೊಡೆಯಿರಿ’ ಅನ್ನುತ್ತಿಲ್ಲ, ಬೀಳಿಸಿ. ನೆಲಕ್ಕೆ ಬಿದ್ದ ಚೆಂಡಿನ ಹಾಗೆ ಸ್ಟಿಕ್ ತಾನೇ ಮೇಲೆ ಬರಬೇಕು. ಬರಲಿಲ್ಲವೆಂದರೆ ನೀವು ಅದನ್ನು ಕೆಳಗೆ ಒತ್ತಿ ಹಿಡಿದಿದ್ದೀರಿ ಎಂದರ್ಥ.

ತಪ್ಪು ಎಲ್ಲಿದೆ ಅಂತ ತಿಳಿಯಲು ಕಿರುಬೆರಳು ನೋಡಿ. ಹೊಸಬರ ಕಿರುಬೆರಳು ಬೆಳ್ಳಗಾಗಿರುತ್ತದೆ. ರಕ್ತ ಓಡದಷ್ಟು ಬಿಗಿ ಹಿಡಿದಿರುತ್ತಾರೆ, ಅವರಿಗೇ ಗೊತ್ತಿರುವುದಿಲ್ಲ. ಎರಡು ನಿಮಿಷಕ್ಕೊಮ್ಮೆ ನಿಲ್ಲಿಸಿ ಅದನ್ನೊಮ್ಮೆ ನೋಡಿಕೊಳ್ಳಿ. ಭುಜ ಕಿವಿಯ ಕಡೆ ಏರಿದೆಯಾ, ಹಲ್ಲು ಕಚ್ಚಿದ್ದೀರಾ, ಉಸಿರು ಹಿಡಿದಿದ್ದೀರಾ, ಇವನ್ನೂ ನೋಡಿ. ನುಡಿಸುವಾಗ ಬಾಯಲ್ಲಿ ‘ತಕಧಿಮಿ’ ಹೇಳಿಕೊಳ್ಳಲು ಇನ್ನೊಂದು ಕಾರಣವೂ ಇದೇ. ಮಾತಾಡುತ್ತಿರುವವರು ಉಸಿರು ಹಿಡಿಯಲಾರರು.

ಮಣಿಕಟ್ಟು ನೋವು ಬಂದರೆ ಅಲ್ಲಿಗೇ ನಿಲ್ಲಿಸಿ. ದಣಿವು ಬೇರೆ, ನೋವು ಬೇರೆ. ‘ಸ್ವಲ್ಪ ನೋವು ತಡೆದುಕೊಂಡರೆ ಕೈ ಗಟ್ಟಿಯಾಗುತ್ತೆ’ ಅನ್ನುವುದು ಡ್ರಮ್ಸ್‌ನಲ್ಲಿ ಸುಳ್ಳು. ನೋವು ಬಂತೆಂದರೆ ಹಿಡಿತದಲ್ಲೋ ಕೂರುವುದರಲ್ಲೋ ದೋಷ ಇದೆ, ಅಷ್ಟೇ.

ಇನ್ನು ಪಾಠ. ಡ್ರಮ್ಸ್‌ನ ಸರಳೆ, ಜಂಟಿಗಳಿಗೆ ರೂಡಿಮೆಂಟ್ ಅನ್ನುತ್ತಾರೆ. ಅಮೆರಿಕದ ಪರ್ಕಸಿವ್ ಆರ್ಟ್ಸ್ ಸೊಸೈಟಿ 1984ರಲ್ಲಿ 40 ರೂಡಿಮೆಂಟ್‌ಗಳ ಪಟ್ಟಿಯನ್ನು ಒಪ್ಪಿ ಹೊರತಂದಿತು. ಜಗತ್ತಿನ ಎಲ್ಲೆಡೆ ಇವತ್ತು ಅದನ್ನೇ ಕಲಿಸುತ್ತಾರೆ. ಆ 40 ನೋಡಿ ಗಾಬರಿ ಬೀಳಬೇಡಿ. ನಿಮಗೆ ಮೊದಲ ವರ್ಷಕ್ಕೆ ಮೂರು ಸಾಕು. ಸಿಂಗಲ್ ಸ್ಟ್ರೋಕ್: ಬಲ ಎಡ ಬಲ ಎಡ. ಡಬಲ್ ಸ್ಟ್ರೋಕ್: ಬಲ ಬಲ ಎಡ ಎಡ. ಪ್ಯಾರಾಡಿಡಲ್: ಬಲ ಎಡ ಬಲ ಬಲ, ಎಡ ಬಲ ಎಡ ಎಡ. ಮೂರಕ್ಕೂ ಬಾಯಲ್ಲಿ ‘ತಕಧಿಮಿ ತಕಧಿಮಿ’.

ಪ್ಯಾರಾಡಿಡಲ್ ಬಗ್ಗೆ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಅದರಲ್ಲಿ ಬಹಳ ಸೊಗಸಿದೆ. ಮೊದಲ ‘ತಕಧಿಮಿ’ ಬಲಗೈಯಿಂದ ಶುರು, ಎರಡನೆಯದು ತಾನಾಗಿಯೇ ಎಡಗೈಯಿಂದ ಶುರು. ಮುಂದಾಳು ಬದಲಾಗುತ್ತಾನೆ. ಕಣ್ಣು ಮುಚ್ಚಿ ಕೇಳಿದವರಿಗೆ ಎಂಟು ಹೊಡೆತವೂ ಒಂದೇ ಥರ ಕೇಳಬೇಕು. ಯಾವ ಕೈ ಯಾವುದು ಅಂತ ಗೊತ್ತಾಗಬಾರದು. ಇದನ್ನು ಪರೀಕ್ಷಿಸಲು ಫೋನಿನಲ್ಲಿ ರೆಕಾರ್ಡ್ ಮಾಡಿ, ಹತ್ತು ನಿಮಿಷ ಬಿಟ್ಟು ಕೇಳಿ. ನುಡಿಸುತ್ತಿರುವಾಗ ನಮ್ಮ ಕಿವಿ ನಮ್ಮ ಪರವಾಗಿ ಸುಳ್ಳು ಹೇಳುತ್ತದೆ, ರೆಕಾರ್ಡಿಂಗ್ ಹೇಳುವುದಿಲ್ಲ. ಜೋಡಿ ಹೊಡೆತದಲ್ಲಿ ಎರಡನೆಯದು ಮೆತ್ತಗಾಗಿರುವುದು, ಒಂದು ಕೈಯ ಸದ್ದು ಇನ್ನೊಂದಕ್ಕಿಂತ ತೆಳುವಾಗಿರುವುದು ಆಗ ಸ್ಪಷ್ಟವಾಗಿ ಕೇಳುತ್ತದೆ.

ವೇಗ 60ರಿಂದಲೇ ಶುರುವಾಗಲಿ. ವಾರಕ್ಕೆ ನಾಲ್ಕೈದು ಏರಿಸಿ, ಅದೂ ಸದ್ದು ಕೆಡದಿದ್ದರೆ ಮಾತ್ರ. ನಿಧಾನ ಅಂದರೆ ಸುಲಭ ಅಂತ ಹೆಚ್ಚಿನವರು ತಿಳಿದಿರುತ್ತಾರೆ. ಹಾಗಲ್ಲ. 120ರಲ್ಲಿ ಎರಡು ಸದ್ದಿನ ನಡುವೆ ಅರ್ಧ ಸೆಕೆಂಡ್ ಮಾತ್ರ. 50ರಲ್ಲಿ ಒಂದು ಸೆಕೆಂಡಿಗಿಂತ ಜಾಸ್ತಿ. ಆ ಖಾಲಿ ಜಾಗದಲ್ಲಿ ಮನಸ್ಸು ಕಾಯಲಾರದು, ಕೈ ಮುಂದೆ ಬಿದ್ದುಬಿಡುತ್ತದೆ. ಖಾಲಿ ಜಾಗವನ್ನು ಬಾಯಲ್ಲಿ ‘ತಕಧಿಮಿ’ಯಿಂದ ತುಂಬಿದರೆ ಕೈಗೆ ಕಾಯುವುದು ಗೊತ್ತಾಗುತ್ತದೆ.

ನಿಮ್ಮ ಅರ್ಧ ಗಂಟೆಯನ್ನು ನಾನಾಗಿದ್ದರೆ ಹೀಗೆ ಕಳೆಯುತ್ತಿದ್ದೆ. ಮೊದಲ ಐದು ನಿಮಿಷ ಒಂದೊಂದೇ ಕೈಯಲ್ಲಿ ಬೀಳಿಸಿ ಪುಟಿಸುವುದು. ಆಮೇಲೆ ಹದಿನೈದು ನಿಮಿಷ ಒಂದೇ ರೂಡಿಮೆಂಟ್, ಮೂರು ಕಾಲದಲ್ಲಿ. ಒಂದೇ, ಮೂರೂ ಅಲ್ಲ. ಉಳಿದ ಹತ್ತು ನಿಮಿಷ ಇಷ್ಟದ ಹಾಡು ಹಾಕಿಕೊಂಡು ಅದರ ಲಯಕ್ಕೆ ಪ್ಯಾಡಿನ ಮೇಲೆ ಸುಮ್ನೆ ಒಂದೊಂದು ಹೊಡೆತ. ಈ ಕೊನೆಯ ಭಾಗವನ್ನು ಬಿಡಬೇಡಿ, ನೀವು ಕಲಿಯಲು ಹೊರಟಿದ್ದೇ ಅದಕ್ಕಲ್ವಾ. ಭಾನುವಾರ ಮೂರು ಗಂಟೆ ಕೂರುವುದಕ್ಕಿಂತ ದಿನಾ ಇಪ್ಪತ್ತು ನಿಮಿಷ ಕೂರುವುದು ಮೇಲು.

ಕಾಲುಗಳನ್ನು ಮರೆಯಬಾರದು. ಡ್ರಮ್ ಸೆಟ್ ಅನ್ನುವ ವಾದ್ಯ ಸಾಧ್ಯವಾಗಿದ್ದೇ ಕಾಲಿನಿಂದ. ಹಿಂದೆ ದೊಡ್ಡ ಡ್ರಮ್ಮಿಗೆ ಒಬ್ಬರು, ಸ್ನೇರಿಗೆ ಒಬ್ಬರು ಬೇಕಿತ್ತು. 1909ರಲ್ಲಿ ಷಿಕಾಗೋದ ಲುಡ್ವಿಗ್ ಸೋದರರು ವೇಗವಾಗಿ ಕೆಲಸ ಮಾಡುವ ಪೆಡಲ್ ತಯಾರಿಸಿ ಮಾರತೊಡಗಿದರು. ಒಬ್ಬರೇ ಕೂತು ಎಲ್ಲವನ್ನೂ ನುಡಿಸುವ ಪದ್ಧತಿ ಬೆಳೆಯಲು ಅದು ದೊಡ್ಡ ಕಾರಣ. ನೀವು ಪ್ಯಾಡಿನ ಮುಂದೆ ಕೂತಾಗಲೇ ಬಲಗಾಲಲ್ಲಿ ಪ್ರತಿ ತಾಳಕ್ಕೆ ನೆಲ ಮೆಟ್ಟಿ, ಎಡಗಾಲ ಹಿಮ್ಮಡಿ ಎರಡು ಮತ್ತು ನಾಲ್ಕಕ್ಕೆ ಆಡಲಿ. ಕಾಲಿಗೆ ಚಪ್ಪಲಿ ಬೇಡ, ಕೆಳಗೊಂದು ದಪ್ಪ ಚಾಪೆ ಇರಲಿ, ಓನರ್‌ಗೆ ಅಷ್ಟಾಗಿ ಕೇಳಿಸುವುದಿಲ್ಲ.

ಎರಡು ಮೂರು ತಿಂಗಳಾದ ಮೇಲೆ ನಿಜವಾದ ಸೆಟ್ ಮೇಲೆ ಕೂರಿ. ಅದಕ್ಕೂ ಕೊಳ್ಳಬೇಕಿಲ್ಲ. ಡ್ರಮ್ಸ್ ಹೇಳಿಕೊಡುವವರಲ್ಲಿ ಸೆಟ್ ಇರುತ್ತದೆ. ಚರ್ಚ್‌ಗಳಲ್ಲಿ, ಆರ್ಕೆಸ್ಟ್ರಾದವರ ಬಳಿ ಇರುತ್ತದೆ. ಬೆಂಗಳೂರು, ಮೈಸೂರಿನ ಕಡೆ ಹೋದಾಗ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಜ್ಯಾಮ್ ರೂಮುಗಳೂ ಇವೆ. ವಾರಕ್ಕೆ ಒಂದು ಗಂಟೆ ಸಾಕು.

ಕೂತ ಕೂಡಲೇ ಮೊದಲು ಸರಿ ಮಾಡಬೇಕಾದದ್ದು ಸ್ಟೂಲಿನ ಎತ್ತರ. ತೊಡೆ ಮಂಡಿಯ ಕಡೆಗೆ ಸ್ವಲ್ಪ ಇಳಿಜಾರಾಗಿರಬೇಕು. ತಗ್ಗಾಗಿ ಕೂತರೆ ಸೊಂಟ ಹಿಡಿಯುತ್ತದೆ. ಎರಡು ತೊಡೆಯ ನಡುವೆ ಸ್ನೇರ್, ಬಲಗಾಲ ಕೆಳಗೆ ಬೇಸ್ ಡ್ರಮ್ಮಿನ ಪೆಡಲ್, ಎಡಗಾಲ ಕೆಳಗೆ ಹೈಹ್ಯಾಟ್, ಅಂದರೆ ಒಂದರ ಮೇಲೊಂದು ಕೂರುವ ಜೋಡಿ ತಟ್ಟೆಯ ಪೆಡಲ್. ಉಳಿದ ಟಾಮ್ ಡ್ರಮ್ಮುಗಳು, ಕ್ರ್ಯಾಶ್, ರೈಡ್ ಅನ್ನುವ ಸಿಂಬಲ್‌ಗಳು (ಲೋಹದ ತಟ್ಟೆಗಳು) ಎಲ್ಲ ಆಮೇಲೆ. ಮೊದಲ ತಿಂಗಳು ಈ ಮೂರನ್ನೇ ಮುಟ್ಟಿ.

ಮೊದಲ ಬೀಟ್ ಇದು. ಬಾಯಲ್ಲಿ ನಾಲ್ಕು ‘ತಕ’ ಹೇಳಿ: ತಕ ತಕ ತಕ ತಕ. ಬಲಗೈ ಮುಚ್ಚಿದ ಹೈಹ್ಯಾಟಿನ ಮೇಲೆ ಎಂಟು ಅಕ್ಷರಕ್ಕೂ ಹೊಡೆಯುತ್ತದೆ. ಒಂದನೇ ಮತ್ತು ಮೂರನೇ ‘ತ’ಕ್ಕೆ ಬಲಗಾಲು ಬೇಸ್ ಡ್ರಮ್. ಎರಡನೇ ಮತ್ತು ನಾಲ್ಕನೇ ‘ತ’ಕ್ಕೆ ಎಡಗೈ ಸ್ನೇರ್. ಮುಗಿಯಿತು. ನೀವು ಕೇಳಿರುವ ಸಾವಿರಾರು ಹಾಡುಗಳ ಬೆನ್ನೆಲುಬು ಇದೇ.

ಹೇಳಲು ಇಷ್ಟೇ. ಕೈಗೆ ಬರುವಾಗ ಏನಾಗುತ್ತದೆ ಅಂತ ಹೇಳಿಬಿಡುತ್ತೇನೆ, ಧೈರ್ಯ ಕೆಡದಿರಲಿ ಅಂತ. ಬಲಗೈ ಒಂದೇ ನುಡಿಸುವಾಗ ಚೆನ್ನಾಗಿರುತ್ತದೆ. ಕಾಲು ಸೇರಿದ ಕೂಡಲೇ ಬಲಗೈಯ ಎರಡನೇ ‘ಕ’ ಮಾಯವಾಗುತ್ತದೆ. ಕೈಯೂ ಕಾಲೂ ಒಂದೇ ಕಡೆಯವು, ಒಟ್ಟಿಗೇ ನಿಲ್ಲಲು ನೋಡುತ್ತವೆ. ಅದನ್ನು ಸರಿ ಮಾಡಿದ ಮೇಲೆ ಎಡಗೈ ಸೇರಿಸಿದರೆ ಕಾಲೂ ಅದರ ಜೊತೆ ಸ್ನೇರಿನ ಜಾಗದಲ್ಲಿ ಮೆಟ್ಟಿಬಿಡುತ್ತದೆ. ಇದೂ ಸರಿಹೋದ ಮೇಲೆ ಕೊನೆಯದೊಂದು ಉಳಿಯುತ್ತದೆ. ಹೈಹ್ಯಾಟ್ ಮತ್ತು ಸ್ನೇರ್ ಒಟ್ಟಿಗೆ ಬೀಳಬೇಕಾದ ಕಡೆ ಕೂದಲೆಳೆಯಷ್ಟು ಹಿಂದುಮುಂದಾಗಿ ‘ಟಪ್’ ಬದಲು ‘ಟ್ಟಪ್’ ಅನ್ನುತ್ತದೆ. ಮೊದಲಿಗೆ ನಿಮಗೆ ಅದು ಕೇಳುವುದೇ ಇಲ್ಲ. ಕೇಳಿಸಲು ಶುರುವಾದ ದಿನ ನಿಮ್ಮ ಕಿವಿ ಬೆಳೆದಿದೆ ಅಂತ ತಿಳಿಯಿರಿ.

ಇವಕ್ಕೆಲ್ಲ ಮದ್ದು ಒಂದೇ. 50ಕ್ಕೆ ಇಳಿಸಿ. ಎರಡು ಅಂಗ ಮಾತ್ರ ಸೇರಿಸಿ: ಬಲಗೈ ಮತ್ತು ಕಾಲು. ಆಮೇಲೆ ಬಲಗೈ ಮತ್ತು ಎಡಗೈ. ಆಮೇಲೆ ಎಡಗೈ ಮತ್ತು ಕಾಲು. ಇದನ್ನು ಬಿಡಬೇಡಿ, ಬಹಳ ಜನ ಬಿಟ್ಟು ಒದ್ದಾಡುತ್ತಾರೆ. ಕೊನೆಗೆ ಮೂರೂ. ತಪ್ಪಿದರೆ ನಿಲ್ಲಿಸಬೇಡಿ. ಬಾಯಿಯ ಲೆಕ್ಕ ನಡೆಯುತ್ತಲೇ ಇರಲಿ, ಮುಂದಿನ ಒಂದಕ್ಕೆ ಹತ್ತಿಕೊಳ್ಳಿ. ವೇದಿಕೆಯ ಮೇಲೆ ಹಾಡುವವರು ನಿಮಗಾಗಿ ನಿಲ್ಲುವುದಿಲ್ಲ. ಒಬ್ಬರೇ ಕೂತಾಗಲೇ ಈ ಅಭ್ಯಾಸ ಆಗಬೇಕು.

ಪಾಶ್ಚಾತ್ಯ ಪಾಠಪುಸ್ತಕಗಳು ನಾಲ್ಕರ ನಡೆಯಲ್ಲೇ ಬಹಳ ದೂರ ಹೋಗುತ್ತವೆ. ನಮಗೆ ಅದು ಹೊಂದುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ನಮ್ಮ ಜನಪದ ಹಾಡು, ತಮಟೆ ಬಡಿತ, ಸಿನಿಮಾದ ಕುಣಿತದ ಹಾಡು, ಇವುಗಳಲ್ಲಿ ಆರರ ನಡೆ ತುಂಬಾ ಇದೆ. ನಾಲ್ಕರ ಬೀಟ್ ನಿಂತ ಕೂಡಲೇ ಇದನ್ನು ಹಿಡಿಯಿರಿ. ಬಾಯಲ್ಲಿ ‘ತಕಿಟ ತಕಿಟ’. ಬಲಗೈ ಹೈಹ್ಯಾಟಿನ ಮೇಲೆ ಆರೂ ಅಕ್ಷರಕ್ಕೆ. ಮೊದಲ ‘ತ’ಕ್ಕೆ ಕಾಲು, ಎರಡನೇ ‘ತ’ಕ್ಕೆ ಸ್ನೇರ್. ಇದು ನಾಲ್ಕರ ಬೀಟಿಗಿಂತ ಸುಲಭ, ಯಾಕೆಂದರೆ ಹುಟ್ಟಿದಾಗಿನಿಂದ ಮದುವೆ, ಜಾತ್ರೆ, ಗಣಪತಿ ಮೆರವಣಿಗೆಯಲ್ಲಿ ನಿಮ್ಮ ಮೈ ಇದನ್ನು ಕೇಳಿದೆ. ಹತ್ತಿರದಲ್ಲಿ ತಮಟೆಯವರು ಬಾರಿಸುತ್ತಿದ್ದರೆ ಸ್ವಲ್ಪ ಹೊತ್ತು ನಿಂತು ನೋಡಿ. ಅವರಲ್ಲಿ ಒಬ್ಬರು ನಡೆಯನ್ನು ಅಲ್ಲಾಡದಂತೆ ಹಿಡಿದಿರುತ್ತಾರೆ, ಇನ್ನೊಬ್ಬರು ಅದರ ಮೇಲೆ ಆಡುತ್ತಾರೆ. ಡ್ರಮ್ ಸೆಟ್ಟಿನ ಮೇಲೆ ಆ ಎರಡೂ ಕೆಲಸ ನಿಮ್ಮದೇ.

ಆಮೇಲೆ ಬರುವುದು ಫಿಲ್, ಅಂದರೆ ಹಾಡಿನ ಒಂದು ಸಾಲು ಮುಗಿದು ಇನ್ನೊಂದಕ್ಕೆ ದಾಟುವಾಗ ನುಡಿಸುವ ತುಂಡು. ಹೊಸಬರು ಅದಕ್ಕೆ ಹಾತೊರೆಯುತ್ತಾರೆ, ಅಲ್ಲೇ ಲಯ ಓಡಿಸಿಕೊಂಡು ಬಿಡುತ್ತಾರೆ. ಇಲ್ಲಿಯೂ ನಮ್ಮ ಲೆಕ್ಕ ಕೈ ಹಿಡಿಯುತ್ತದೆ. ನಾಲ್ಕು ತಾಳಕ್ಕೆ ಮೂರನೇ ಕಾಲದಲ್ಲಿ 16 ಅಕ್ಷರ. ಅದನ್ನು ನಾಲ್ಕು ‘ತಕಧಿಮಿ’ಯಾಗಿ ಹೇಳಬಹುದು. ಆದರೆ ‘ತಕಿಟ ತಕಿಟ ತಕಿಟ ತಕಿಟ ತಕಧಿಮಿ’ ಅಂದರೂ 16ಕ್ಕೇ ಮುಗಿಯುತ್ತದೆ. ಸ್ನೇರಿನ ಮೇಲೆ ಬಲ ಎಡ ಬಲ ಎಡ ನುಡಿಸುತ್ತಾ, ಪ್ರತಿ ತುಂಡಿನ ಮೊದಲ ಅಕ್ಷರಕ್ಕೆ ಮಾತ್ರ ಒತ್ತು ಕೊಡಿ. ಆಮೇಲೆ ಆ ಒತ್ತನ್ನು ಟಾಮ್ ಮೇಲೆ ಹಾಕಿ. ಕೇಳುವವರಿಗೆ ಲಯ ಎಲ್ಲೋ ಜಾರಿದ ಹಾಗೆ ಅನ್ನಿಸಿ, ಸರಿಯಾಗಿ ಒಂದಕ್ಕೆ ಬಂದು ಕೂರುತ್ತದೆ. ಮೃದಂಗದವರ ಮುಕ್ತಾಯದ ಸೊಗಸು ಇದೇ ಜಾತಿಯದು. ಕೈ ವೇಗ ಇಲ್ಲದೆಯೂ ಕೇಳಲು ಚೆನ್ನಾಗಿರುವ ಫಿಲ್ ಇದು.

ನಿಮ್ಮ ತಮ್ಮ ಹೇಳಿದ ಆಕ್ಟೋಪ್ಯಾಡಿಗೆ ಬರುತ್ತೇನೆ. ಅವನ ಮಾತಲ್ಲಿ ಹುರುಳಿಲ್ಲ ಅಂತಲ್ಲ. ನಮ್ಮ ಕಡೆಯ ಆರ್ಕೆಸ್ಟ್ರಾಗಳಲ್ಲಿ ರಿದಂ ಪ್ಯಾಡೇ ಮುಖ್ಯ, ಒಂದೇ ಪೆಟ್ಟಿಗೆಯಲ್ಲಿ ಢೋಲಕ್, ತಬಲಾ, ತಮಟೆ ಎಲ್ಲ ಸಿಗುತ್ತದೆ. ಆರ್ಕೆಸ್ಟ್ರಾದಲ್ಲಿ ನುಡಿಸುವುದೇ ಗುರಿ ಆಗಿದ್ದರೆ ಅದನ್ನೇ ತಗೊಳ್ಳಿ ಅನ್ನುತ್ತಿದ್ದೆ. ಆದರೆ ಅದು ಕೈಗಳ ವಾದ್ಯ. ಬೇರೆಯಾಗಿ ಪೆಡಲ್ ಜೋಡಿಸದ ಹೊರತು ಕಾಲಿಗೆ ಕೆಲಸವಿಲ್ಲ. ಅದರಲ್ಲಿ ಪಳಗಿದವರು ಡ್ರಮ್ ಸೆಟ್ ಮೇಲೆ ಕೂತಾಗ ಕಾಲನ್ನು ಮೊದಲಿನಿಂದ ಕಲಿಯಬೇಕಾಗುತ್ತದೆ.

ಆರೇಳು ತಿಂಗಳು ಪ್ಯಾಡ್ ಬಿಡದೆ ನುಡಿಸಿದಿರಿ, ಇನ್ನೂ ಆಸೆ ಇದೆ ಅಂದರೆ ನಿಮ್ಮ ಮನೆಗೆ ಎಲೆಕ್ಟ್ರಾನಿಕ್ ಕಿಟ್ ಸರಿ. ಮೆಶ್ ಹೆಡ್ ಇರುವುದನ್ನೇ ನೋಡಿ, ಅಂದರೆ ಜಾಲರಿಯ ಮೇಲ್ಮೈ. ರೋಲ್ಯಾಂಡ್ ಕಂಪನಿ 1997ರಲ್ಲಿ ತನ್ನ ವಿ-ಡ್ರಮ್ಸ್ ಮೂಲಕ ಇದನ್ನು ತಂದಿತು. ಈಗ ಕಡಿಮೆ ಬೆಲೆಯ ಕಿಟ್‌ಗಳಲ್ಲೂ ಇದೆ. ಶುರುವಿನ ಕಿಟ್‌ಗೆ ಸುಮಾರು 30–40 ಸಾವಿರ ಬೇಕು. ಗಟ್ಟಿ ರಬ್ಬರಿನ ಕಿಟ್ ಸ್ವಲ್ಪ ಅಗ್ಗ. ಆದರೆ ಸದ್ದೂ ಜಾಸ್ತಿ, ಮಣಿಕಟ್ಟಿಗೂ ಪೆಟ್ಟು ಜಾಸ್ತಿ. ಒಂದು ಎಚ್ಚರಿಕೆ: ಹೆಡ್‌ಫೋನ್ ಹಾಕಿದರೆ ಕೈಯ ಸದ್ದು ಹೊರಗೆ ಹೋಗದಿದ್ದರೂ, ಬೇಸ್ ಪೆಡಲಿನ ‘ಧಡ್ ಧಡ್’ ನೆಲದ ಮೂಲಕ ಕೆಳಗಿನ ಮನೆಗೆ ಇಳಿಯುತ್ತದೆ. ಅದು ಗಾಳಿಯ ಸದ್ದಲ್ಲ, ನೆಲದ ಅದುರು. ರಗ್ಗು ಹಾಸಿದರೆ ನಿಲ್ಲುವುದಿಲ್ಲ. ಎರಡು ಪ್ಲೈವುಡ್ ಹಲಗೆಗಳ ನಡುವೆ ಟೆನಿಸ್ ಚೆಂಡುಗಳನ್ನು ಕೂರಿಸಿ, ಕಿಟ್ ಪೂರ್ತಿ ಅದರ ಮೇಲೆ ಇಟ್ಟರೆ ಬಹಳ ಕಡಿಮೆಯಾಗುತ್ತದೆ. ಮರಗೆಲಸದವರಿಗೆ ಹೇಳಿದರೆ ಅರ್ಧ ದಿನದಲ್ಲಿ ಮಾಡಿಕೊಡುತ್ತಾರೆ. ಕಿಟ್ ತರುವ ಮೊದಲು ಓನರ್ ಮನೆಯಲ್ಲಿ ಕೂತು ಯಾವ ಹೊತ್ತು ಅವರಿಗೆ ಅಡ್ಡಿಯಿಲ್ಲ ಅಂತ ಕೇಳಿಬಿಡಿ.

ಸಾಮಾನ್ಯ ಡ್ರಮ್ ಸೆಟ್ ನಿಮ್ಮ ಮನೆಗೆ ಆಗುವುದಿಲ್ಲ. ಮುಂದೆ ಸ್ವಂತ ಜಾಗ ಆದಾಗ ಒಂದು ನೆನಪಿಡಿ: ಅಗ್ಗದ ಡ್ರಮ್ಮಿಗೆ ಒಳ್ಳೆಯ ಹೆಡ್ ಹಾಕಿ ಶ್ರುತಿ ಮಾಡಿದರೆ ಚೆನ್ನಾಗಿಯೇ ಕೇಳುತ್ತದೆ, ಅಗ್ಗದ ಸಿಂಬಲ್‌ಗೆ ಏನು ಮಾಡಿದರೂ ಅಗ್ಗದ ಸದ್ದೇ. ಹಣ ಸಿಂಬಲ್‌ಗೆ ಹಾಕಿ.

ಕಿವಿಯ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು ಅನ್ನುತ್ತದೆ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಲೆಕ್ಕ. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದಾಗ ಆ ಸಮಯ ಅರ್ಧಕ್ಕಿಳಿಯುತ್ತದೆ. 100 ಡೆಸಿಬೆಲ್ ಆದರೆ ಹದಿನೈದು ನಿಮಿಷ. ಚಿಕ್ಕ ಕೋಣೆಯಲ್ಲಿ ನಿಜವಾದ ಡ್ರಮ್ ಸೆಟ್ 100 ದಾಟುವುದು ಏನೂ ಕಷ್ಟವಲ್ಲ. ಹೋದ ಕೇಳುವ ಶಕ್ತಿ ತಿರುಗಿ ಬರುವುದಿಲ್ಲ. ಜ್ಯಾಮ್ ರೂಮಿಗೆ, ಪಾಠದ ಮನೆಗೆ ಹೋಗುವಾಗ ಇಯರ್‌ಪ್ಲಗ್ ಚೀಲದಲ್ಲಿರಲಿ. ಮೊದಲ ದಿನದಿಂದಲೇ.

ಗುರು ಬೇಕೇ? ಬೇಕು, ಶುರುವಿನ ಮೂರು ತಿಂಗಳಾದರೂ. ವಿಡಿಯೋ ನೋಡಿ ಬೀಟ್ ಕಲಿಯಬಹುದು. ಆದರೆ ವಿಡಿಯೋ ನಿಮ್ಮ ಕಿರುಬೆರಳನ್ನು ನೋಡುವುದಿಲ್ಲ. ಸೇರುವ ಮೊದಲು ಒಂದು ಪಾಠ ಕೂತು ನೋಡಿ. ಮೊದಲ ದಿನವೇ ಹಾಡು ಕಲಿಸುತ್ತೇನೆ ಅಂದವರಿಗಿಂತ, ನಿಮ್ಮ ಬಾಯಿಂದ ಗಟ್ಟಿಯಾಗಿ ಎಣಿಕೆ ಹೇಳಿಸುವವರನ್ನು ಆರಿಸಿ. ಡ್ರಮ್ಸ್ ಗುರು ಹತ್ತಿರದಲ್ಲಿ ಸಿಗದಿದ್ದರೆ ಮೃದಂಗದವರ ಬಳಿ ಕೆಲವು ತಿಂಗಳು ಬರೀ ಕೊನ್ನಕ್ಕೋಲು ಕಲಿಯಿರಿ, ಒಂದು ದಿನವೂ ದಂಡವಾಗುವುದಿಲ್ಲ. ಬ್ರಿಟನ್ನಿನ ಟ್ರಿನಿಟಿ, ರಾಕ್‌ಸ್ಕೂಲ್ ಸಂಗೀತ ಪರೀಕ್ಷೆಗಳು ನಮ್ಮಲ್ಲೂ ನಡೆಯುತ್ತವೆ. ಗ್ರೇಡ್ 8ರವರೆಗೆ ಇವೆ. ಮಕ್ಕಳಿಗೆ ಒಂದು ಗುರಿ ಸಿಗುತ್ತದೆ. ನಿಮಗೆ ಬೇಕೇ ಬೇಕು ಅಂತೇನಿಲ್ಲ. ಡ್ರಮ್ಸ್‌ನ ನೊಟೇಶನ್ ಮಾತ್ರ ಕಲಿತುಬಿಡಿ. ವೀಣೆಯ ಸ್ವರಲಿಪಿ ಓದಿದವರಿಗೆ ಅದು ಒಂದು ವಾರದ ಕೆಲಸ.

ಎಷ್ಟು ಕಾಲ ಅಂತ ಕೇಳಿದಿರಿ. ದಿನಾ ಅರ್ಧ ಗಂಟೆ ತಪ್ಪದಿದ್ದರೆ, ಸೆಟ್ ಮೇಲೆ ಕೂತ ಎರಡು ಮೂರು ತಿಂಗಳಲ್ಲಿ ಒಂದು ಸುಲಭದ ಹಾಡಿಗೆ ಶುರುವಿನಿಂದ ಕೊನೆವರೆಗೆ ಜೊತೆ ಕೊಡುತ್ತೀರಿ. ಅಂದರೆ ಇವತ್ತಿನಿಂದ ಸುಮಾರು ಆರು ತಿಂಗಳು. ಬೇರೆಯವರ ಜೊತೆ ಕೂತು ಹತ್ತು ಹಾಡು ನುಡಿಸುವಷ್ಟಾಗಲು ಒಂದೂವರೆ ಎರಡು ವರ್ಷ ಇಟ್ಟುಕೊಳ್ಳಿ. ನಡುವೆ ಎಲ್ಲೋ ಆರು ವಾರ ಏನೂ ಮುಂದೆ ಹೋಗದ ಹಾಗೆ ಅನ್ನಿಸುತ್ತದೆ. ಎಲ್ಲರಿಗೂ ಅನ್ನಿಸುತ್ತದೆ. ಆಗ ಹೊಸ ಪಾಠ ಹುಡುಕಬೇಡಿ, ಹಳೆಯ ರೆಕಾರ್ಡಿಂಗ್ ಕೇಳಿ.

ಕೊನೆಯದು ಎಡಗೈ. ತೊಂದರೆ ಏನೂ ಇಲ್ಲ, ಆದರೆ ಒಂದು ಆಯ್ಕೆ ಮಾಡಬೇಕು. ಬೀಟಲ್ಸ್ ತಂಡದ ಡ್ರಮ್ಮರ್ ರಿಂಗೋ ಸ್ಟಾರ್ ಎಡಗೈಯವರು, ನುಡಿಸಿದ್ದು ಬಲಗೈಯವರಿಗೆ ಜೋಡಿಸಿದ ಸೆಟ್ಟಿನ ಮೇಲೆ. ಅವರ ಫಿಲ್‌ಗಳು ಬೇರೆಯವರ ಹಾಗೆ ಕೇಳದಿರಲು ಅದೂ ಒಂದು ಕಾರಣ. ಇಂಗ್ಲಿಷ್ ಡ್ರಮ್ಮರ್ ಫಿಲ್ ಕಾಲಿನ್ಸ್ ಸೆಟ್ಟನ್ನೇ ಪೂರ್ತಿ ಎಡಕ್ಕೆ ತಿರುಗಿಸಿ ಜೋಡಿಸಿಕೊಂಡವರು. ಜಾಝ್ ಡ್ರಮ್ಮರ್ ಬಿಲ್ಲಿ ಕೋಬಮ್ ಸೆಟ್ಟನ್ನು ಹಾಗೇ ಬಿಟ್ಟು, ಕೈ ಅಡ್ಡ ಹಾಕದೆ ಎಡಗೈಯಲ್ಲೇ ಹೈಹ್ಯಾಟ್ ನುಡಿಸುತ್ತಾರೆ. ನಿಮಗೆ ನಾನು ಹೇಳುವುದು ಈ ಮೂರನೆಯ ದಾರಿ. ಪಾಠದ ಮನೆ, ಜ್ಯಾಮ್ ರೂಮ್, ಚರ್ಚ್ ಎಲ್ಲಿ ಹೋದರೂ ಸೆಟ್ ಬಲಗೈಯವರಿಗೇ ಜೋಡಿಸಿರುತ್ತದೆ. ಪ್ರತಿ ಸಲ ಬಿಚ್ಚಿ ಕಟ್ಟಲು ಆಗುವುದಿಲ್ಲ. ಹಾಗಾಗಿ ಕಾಲುಗಳು ಎಲ್ಲರ ಹಾಗೆ ಇರಲಿ, ಎಡಗೈ ಹೈಹ್ಯಾಟಿಗೆ, ಬಲಗೈ ಸ್ನೇರಿಗೆ. ಮೇಲೆ ಬರೆದ ಎರಡೂ ಬೀಟ್‌ಗಳಲ್ಲಿ ಕೈ ಮಾತ್ರ ಅದಲು ಬದಲು ಮಾಡಿಕೊಳ್ಳಿ, ರೂಡಿಮೆಂಟ್‌ಗಳನ್ನು ಎಡದಿಂದ ಶುರು ಮಾಡಿ. ಒಂದು ತಿಂಗಳು ಹೀಗೆ ನುಡಿಸಿಯೂ ಬಲಗಾಲು ಮಾತು ಕೇಳುತ್ತಿಲ್ಲ ಅನ್ನಿಸಿದರೆ ನಿಮ್ಮ ಗುರುಗಳಿಗೆ ಹೇಳಿ ಸೆಟ್ಟನ್ನು ಒಮ್ಮೆ ತಿರುಗಿಸಿ ಹಾಕಿಸಿ ನೋಡಿ. ಆಮೇಲೆ ಯಾವುದು ಹಿತವೋ ಅದನ್ನು ಹಿಡಿಯಿರಿ.